ಆಟಿಯಲ್ಲಿ ಪರೀಕ್ಷೆ, ಜನವರಿಯಲ್ಲಿ ಎಪಾಕ್ಸಿ

ಮನೆಯ ವರ್ಕ್‌ಶಾಪ್ ನೆಲಕ್ಕೆ ಎಪಾಕ್ಸಿ (ರೆಸಿನ್, ಹಾರ್ಡನರ್ ಎಂಬ ಎರಡು ದ್ರವ ಕಲಸಿ ಬಳಿದರೆ ಗಟ್ಟಿಯಾಗುವ ಲೇಪ) ಹಾಕುವ ಬಗ್ಗೆ ಉಡುಪಿ, ಮಂಗಳೂರು ಕಡೆಯ ಓದುಗರಿಂದ ಬಂದ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ ಮೀಸಲು.

ಪ್ರಶ್ನೆ: ಮನೆಯ ಪಕ್ಕ 15 ಅಡಿ ಉದ್ದ, 12 ಅಡಿ ಅಗಲದ ಶೆಡ್ ಇದೆ. ಮುರಕಲ್ಲಿನ ಗೋಡೆ, ಶೀಟಿನ ಮಾಡು, ಎಂಟು ವರ್ಷ ಹಳೆಯ ಸಿಮೆಂಟ್ ನೆಲ. ಮರಗೆಲಸಕ್ಕೆ ಬಳಸುತ್ತೇನೆ. ನೆಲ ಧೂಳು ಬಿಡುತ್ತದೆ, ಮಳೆಗಾಲದಲ್ಲಿ ಬೆವರುತ್ತದೆ. ಎಪಾಕ್ಸಿ ನಾನೇ ಹಾಕಬಹುದೇ? ಯಾವಾಗ ಹಾಕಬೇಕು, ಎಷ್ಟು ಸಾಮಾನು ಬೇಕು?
— ಓದುಗರು, ಕಟಪಾಡಿ

ಉತ್ತರ: ನೀವೇ ಹಾಕಬಹುದು. ಆದರೆ ‘ಬೆವರುತ್ತದೆ’ ಎಂದು ಬರೆದಿದ್ದೀರಲ್ಲ, ಎಲ್ಲಕ್ಕಿಂತ ಮೊದಲು ಅದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ನೆಲದ ಮೇಲೆ ಕಾಣುವ ನೀರು ಎರಡು ದಾರಿಯಿಂದ ಬರುತ್ತದೆ. ಒಂದು, ಮಳೆಗಾಲದ ಹಸಿ ಗಾಳಿ ತಣ್ಣನೆಯ ನೆಲಕ್ಕೆ ತಾಗಿ ಹನಿಯಾಗುವುದು. ಇನ್ನೊಂದು, ಅಡಿಯ ಮಣ್ಣಿನ ಪಸೆ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರುವುದು. ಮೊದಲನೆಯದರಿಂದ ಎಪಾಕ್ಸಿಗೆ ಹಾನಿ ಇಲ್ಲ, ಬಳಿಯುವ ದಿನ ಮಾತ್ರ ನೆಲ ಒಣಗಿರಬೇಕು. ಎರಡನೆಯದು ಎಂಥ ಒಳ್ಳೆಯ ಎಪಾಕ್ಸಿಯನ್ನೂ ಅಡಿಯಿಂದ ಎತ್ತಿಬಿಡುತ್ತದೆ. ಮುರಕಲ್ಲಿನ ಪಂಚಾಂಗ (ತಳಪಾಯ) ಕಟ್ಟಿ, ಒಳಗೆ ಮಣ್ಣು ತುಂಬಿಸಿ, ಪ್ಲಾಸ್ಟಿಕ್ ಹಾಳೆ ಹಾಸದೆ ನೇರವಾಗಿ ಕಾಂಕ್ರೀಟು ಸುರಿದ ನೆಲಗಳು ನಮ್ಮ ಕಡೆ ತುಂಬ ಇವೆ. ನಿಮ್ಮದೂ ಅಂಥದ್ದೇ ಎಂದುಕೊಂಡೇ ಹೊರಡಿ.

ಯಾವ ನೀರು ಎಂದು ತಿಳಿಯುವುದು ಸುಲಭ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಕನಿಷ್ಠ 16 ಗಂಟೆ ಬಿಡಬೇಕು, ಒಂದಿಡೀ ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಹನಿ ಹಾಳೆಯ ಮೇಲೆ ನಿಂತಿದ್ದರೆ ಅದು ಗಾಳಿಯ ನೀರು. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಎತ್ತಿದಾಗ ಅಷ್ಟು ಜಾಗ ಮಾತ್ರ ಕಪ್ಪಾಗಿದ್ದರೆ, ನೀರು ನೆಲದೊಳಗಿನದು. ಇದನ್ನು ಗೋಡೆಯ ಬುಡ, ನಡುಭಾಗ, ಬಾಗಿಲ ಬಳಿ ಹೀಗೆ ಮೂರು ಕಡೆ ಮಾಡಿ.

ಈ ಪರೀಕ್ಷೆಯನ್ನು ಹೆಚ್ಚಿನವರು ಬೇಸಗೆಯಲ್ಲಿ ಮಾಡುತ್ತಾರೆ, ಮೋಸ ಹೋಗುವುದು ಅಲ್ಲೇ. ಜನವರಿಯಲ್ಲಿ ಬಾವಿಯ ನೀರು ಇಳಿದಿರುತ್ತದೆ, ಮಣ್ಣು ಬಿಗಿದಿರುತ್ತದೆ, ಹಾಳೆಯ ಅಡಿ ಒಣಗಿಯೇ ಕಾಣುತ್ತದೆ. ಅದನ್ನು ನಂಬಿ ಬಳಿದ ನೆಲ ಜುಲೈಯಲ್ಲಿ ಗುಳ್ಳೆ ಏಳುತ್ತದೆ. ಪರೀಕ್ಷೆ ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಆಗಬೇಕು, ಬಳಿಯುವ ಕೆಲಸ ಡಿಸೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಮುಗಿಯಬೇಕು. ಐದಾರು ತಿಂಗಳು ಕಾಯಬೇಕಲ್ಲ ಎನಿಸಬಹುದು. ಅರ್ಧಂಬರ್ಧ ಹಿಡಿದುಕೊಂಡ ಎಪಾಕ್ಸಿಯನ್ನು ಗ್ರೈಂಡರಿನಲ್ಲಿ ಕೆರೆದು ತೆಗೆಯುವ ಕಷ್ಟ ಅದಕ್ಕಿಂತ ದೊಡ್ಡದು.

ಆಟಿಯಲ್ಲಿ ಹಾಳೆಯ ಅಡಿ ನೀರು ಕಂಡರೆ ಮೊದಲು ಶೆಡ್ಡಿನ ಹೊರಗೆ ನೋಡಿ. ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ದಂಬೆ ಕಟ್ಟಿ ದೂರ ಹಾಯಿಸಿ, ಅಂಗಳದ ಇಳಿಜಾರು ಶೆಡ್ಡಿನ ಕಡೆಗಿದ್ದರೆ ಸರಿಪಡಿಸಿ, ಸುತ್ತ ಚರಂಡಿ ತೆಗೆಯಿರಿ. ಮುಂದಿನ ಮಳೆಗಾಲಕ್ಕೆ ಮತ್ತೆ ಹಾಳೆ ಹಾಸಿ ನೋಡಿ. ಪಸೆ ಸ್ವಲ್ಪ ಮಾತ್ರ ಉಳಿದಿದ್ದರೆ ತೇವ ತಡೆಯಲೆಂದೇ ಬರುವ ಎಪಾಕ್ಸಿ ಪ್ರೈಮರನ್ನು ಎರಡು ಕೋಟ್ ಕೊಡಬಹುದು. ನೀರು ಒಸರುವಷ್ಟಿದ್ದರೆ ಎಪಾಕ್ಸಿಯ ಆಸೆ ಬಿಡಿ. ಕಾಂಕ್ರೀಟಿನ ಮೇಲ್ಮೈ ಗಟ್ಟಿ ಮಾಡುವ ಸಿಲಿಕೇಟ್ ದ್ರಾವಣ (ಡೆನ್ಸಿಫೈಯರ್) ಬಳಿದರೆ ಧೂಳು ನಿಲ್ಲುತ್ತದೆ, ನೆಲ ಉಸಿರಾಡುವುದೂ ನಿಲ್ಲುವುದಿಲ್ಲ, ಖರ್ಚೂ ಕಡಿಮೆ. ಇಲ್ಲವೇ ನೆಲ ಅಗೆದು, 250 ಮೈಕ್ರಾನ್ (ಕಾಲು ಮಿ.ಮೀ.) ದಪ್ಪದ ಪಾಲಿಥೀನ್ ಹಾಸಿ, ಹೊಸದಾಗಿ ಕಾಂಕ್ರೀಟ್ ಹಾಕಿಸಿ. ಹೊಸ ಕಾಂಕ್ರೀಟಿಗೆ 28 ದಿನ ಆಗುವ ಮೊದಲು ಏನನ್ನೂ ಬಳಿಯಬಾರದು. ಆಮೇಲೂ ಹಾಳೆ ಪರೀಕ್ಷೆ ಮಾಡಿಯೇ ಮುಂದುವರಿಯಬೇಕು.

ನೆಲ ಪಾಸಾಯಿತು ಎನ್ನೋಣ. ಮುಂದಿನದು ಉಜ್ಜುವ ಕೆಲಸ. ಇಡೀ ಕೆಲಸದ ಮುಕ್ಕಾಲು ಪಾಲು ಇದೇ. ಸಾರಣೆ ಮಾಡುವಾಗ ಮೇಲೆ ಬಂದು ಕುಳಿತ ಸಿಮೆಂಟ್ ಹಾಲಿನ ತೆಳು ಪದರ ಬಹಳ ದುರ್ಬಲ, ನಿಮ್ಮ ನೆಲ ಬಿಡುತ್ತಿರುವ ಧೂಳು ಅದೇ. ಅದರ ಮೇಲೆ ಬಳಿದರೆ ಎಪಾಕ್ಸಿ ಆ ಧೂಳನ್ನು ಗಟ್ಟಿಯಾಗಿ ಹಿಡಿದುಕೊಂಡೇ ಎದ್ದು ಬರುತ್ತದೆ. ಆಂಗಲ್ ಗ್ರೈಂಡರಿಗೆ ಡೈಮಂಡ್ ಕಪ್ ವೀಲ್ (ಕಾಂಕ್ರೀಟ್ ಉಜ್ಜುವ ಬಟ್ಟಲಿನಂಥ ಚಕ್ರ) ಹಾಕಿ, ಧೂಳು ಹಿಡಿಯುವ ಮುಚ್ಚಳಕ್ಕೆ ವ್ಯಾಕ್ಯೂಮ್ ಜೋಡಿಸಿ ಉಜ್ಜಿ. ನೆಲ ತಿಕ್ಕುವ ದೊಡ್ಡ ಯಂತ್ರ ಬಾಡಿಗೆಗೆ ಸಿಕ್ಕಿದರೆ ಇನ್ನೂ ಸಮವಾಗಿ ಬರುತ್ತದೆ. ಹೊಳಪೆಲ್ಲ ಹೋಗಿ, ಅಂಗೈಗೆ 80 ನಂಬರಿನ ಪಾಲಿಶ್ ಪೇಪರಿನಷ್ಟು ಒರಟು ಹತ್ತಬೇಕು. ಕಪ್ ವೀಲನ್ನು ಒಂದೇ ಕಡೆ ಒತ್ತಿ ಹಿಡಿದರೆ ಬಳೆಯಂಥ ಗುರುತು ಬೀಳುತ್ತದೆ, ಅದು ಬಣ್ಣದ ಮೇಲೂ ಕಾಣುತ್ತದೆ. ಈ ಧೂಳಿನಲ್ಲಿ ಸಿಲಿಕಾ ಇದೆ, ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುವಂಥದ್ದು. ಮುಖಕ್ಕೆ ಬಟ್ಟೆ ಕಟ್ಟಿದರೆ ಸಾಲದು, ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಬೇಕೇ ಬೇಕು.

ಬಿರುಕುಗಳನ್ನು ‘ವಿ’ ಆಕಾರಕ್ಕೆ ಕೊರೆದು, ಧೂಳು ತೆಗೆದು, ಎಪಾಕ್ಸಿ ಪುಟ್ಟಿ ತುಂಬಿಸಿ. ಬೇಕೆಂದೇ ಬಿಟ್ಟ ಜಾಯಿಂಟುಗಳನ್ನು ಮಾತ್ರ ಗಟ್ಟಿ ಪುಟ್ಟಿಯಿಂದ ಮುಚ್ಚಬೇಡಿ. ಅವು ಅಲುಗುತ್ತವೆ, ಅಲ್ಲಿಗೆ ಪಿಯು (ಪಾಲಿಯುರಿಥೇನ್) ಸೀಲೆಂಟ್ ಸರಿ. ಕೊನೆಗೆ ಎರಡು ಸಲ ವ್ಯಾಕ್ಯೂಮ್ ಮಾಡಿ, ಅಗಲದ ಪ್ಯಾಕಿಂಗ್ ಟೇಪನ್ನು ನೆಲಕ್ಕೆ ಒತ್ತಿ ಎತ್ತಿ ನೋಡಿ. ಅಂಟಿನ ಬದಿ ಬೆಳ್ಳಗಾದರೆ ಇನ್ನೂ ಧೂಳಿದೆ. ಒಂದು ಚಮಚ ನೀರು ಚಿಮುಕಿಸಿ ನೋಡಿ. ಒಂದು ನಿಮಿಷದಲ್ಲಿ ನೆಲ ಕುಡಿದರೆ ತಯಾರಾಗಿದೆ. ಮಣಿಯಾಗಿ ನಿಂತರೆ ಅಲ್ಲಿ ಎಣ್ಣೆಯೋ ಹಳೆಯ ಸೀಲರೋ ಉಳಿದಿದೆ.

ಈಗ ಲೆಕ್ಕ. 1 ಲೀಟರ್ ಎಪಾಕ್ಸಿಯನ್ನು 1 ಚದರ ಮೀಟರಿಗೆ ಹರಡಿದರೆ 1 ಮಿ.ಮೀ. ದಪ್ಪ ಬರುತ್ತದೆ. ಇದೊಂದು ನೆನಪಿದ್ದರೆ ಸಾಕು. ನಿಮ್ಮ ನೆಲ 180 ಚದರಡಿ, ಅಂದರೆ 16.7 ಚದರ ಮೀಟರ್. ಪ್ರೈಮರ್ 150 ಮೈಕ್ರಾನ್ (0.15 ಮಿ.ಮೀ.) ಎಂದರೆ 2.5 ಲೀಟರ್. ಉಜ್ಜಿದ ನೆಲ ಸ್ವಲ್ಪ ಹೀರುವುದರಿಂದ 3 ಲೀಟರ್ ಇಟ್ಟುಕೊಳ್ಳಿ. ಮೇಲೆ 200 ಮೈಕ್ರಾನಿನ ಎರಡು ಕೋಟಿಗೆ ಒಟ್ಟು 6.7 ಲೀಟರ್. ಬಕೆಟ್, ರೋಲರಿನಲ್ಲಿ ಉಳಿಯುವುದು ಸೇರಿ ಏಳೂವರೆ ಲೀಟರ್. ಈ ಲೆಕ್ಕ ಸಾಲ್ವೆಂಟ್ ಇಲ್ಲದ, ‘100 ಪರ್ಸೆಂಟ್ ಸಾಲಿಡ್ಸ್’ ಎಂದು ಬರೆದಿರುವ ಎಪಾಕ್ಸಿಗೆ. ಡಬ್ಬಿಯಲ್ಲಿ ಸಾಲಿಡ್ಸ್ 50 ಎಂದಿದ್ದರೆ ಅರ್ಧ ಆವಿಯಾಗಿ ಹೋಗುತ್ತದೆ, ಅದೇ ದಪ್ಪಕ್ಕೆ ಎರಡರಷ್ಟು ಬೇಕು. ಅಗ್ಗದ ಡಬ್ಬಿ ಹಲವು ಸಲ ದುಬಾರಿಯಾಗುವುದು ಹೀಗೆ. ಕನ್ನಡಿಯಂತೆ ಕಾಣುವ 2 ಮಿ.ಮೀ. ಸೆಲ್ಫ್ ಲೆವೆಲಿಂಗ್ (ಸುರಿದರೆ ತಾನೇ ಸಮವಾಗುವ) ನೆಲಕ್ಕೆ 33 ಲೀಟರ್ ಬೇಕು. ಮರಗೆಲಸದ ಶೆಡ್ಡಿಗೆ ಅಷ್ಟು ಅಗತ್ಯವಿಲ್ಲ.

ಬಳಿಯುವ ದಿನ ನೆಲದ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಯಾಗತೊಡಗುವ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವಾಂಶ ಶೇ. 85ರೊಳಗಿರಬೇಕು. ಇಬ್ಬನಿ ಬಿಂದುವನ್ನು ಅಂದಾಜು ಮಾಡುವುದು ಹೀಗೆ: 100ರಿಂದ ತೇವಾಂಶವನ್ನು ಕಳೆದು 5ರಿಂದ ಭಾಗಿಸಿ, ಬಂದದ್ದನ್ನು ಗಾಳಿಯ ಉಷ್ಣತೆಯಿಂದ ಕಳೆಯಿರಿ. ಜನವರಿಯ ಮಧ್ಯಾಹ್ನ 32 ಡಿಗ್ರಿ, ತೇವಾಂಶ 50 ಇದ್ದರೆ ಇಬ್ಬನಿ ಬಿಂದು 22. ನೆಲ 28 ಇದ್ದರೂ ಧಾರಾಳವಾಯಿತು. ಜೂನಿನಲ್ಲಿ 27 ಡಿಗ್ರಿ, ತೇವಾಂಶ 90 ಇದ್ದರೆ ಇಬ್ಬನಿ ಬಿಂದು 25. ನೆಲ 26 ಇರುತ್ತದೆ, ಉಳಿದದ್ದು ಒಂದೇ ಡಿಗ್ರಿ. ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದ ಮೇಲೆ ಈ ಕೆಲಸ ಬೇಡ ಎನ್ನುವುದಕ್ಕೆ ಇದೇ ಕಾರಣ.

ಬೆಳಿಗ್ಗೆ ಶುರು ಮಾಡಬೇಡಿ. ಹೊತ್ತೇರಿದಂತೆ ಕಾಂಕ್ರೀಟ್ ಬಿಸಿಯಾಗಿ ರಂಧ್ರಗಳ ಗಾಳಿ ಹಿಗ್ಗಿ ಮೇಲೆ ಬರುತ್ತದೆ, ಹಸಿ ಎಪಾಕ್ಸಿಯಲ್ಲಿ ಸೂಜಿಮೊನೆಯ ತೂತು ಬೀಳುತ್ತವೆ. ಮಧ್ಯಾಹ್ನ ಮೂರಕ್ಕೆ ಹಿಡಿದು ಐದರೊಳಗೆ ಮುಗಿಸಿದರೆ ನೆಲ ತಣಿಯುತ್ತಿರುವಾಗ ಪ್ರೈಮರ್ ಒಳಕ್ಕೆ ಇಳಿಯುತ್ತದೆ. ರಾತ್ರಿಯ ಮಂಜು ಒಳಬರದಂತೆ ಬಾಗಿಲು ಮುಚ್ಚಿಡಿ.

ಬಣ್ಣವಿರುವ ರೆಸಿನ್ ಡಬ್ಬಿಯನ್ನು ಮೊದಲು ಒಂಟಿಯಾಗಿ ಕಲಕಿ, ಬಣ್ಣ ತಳದಲ್ಲಿ ಕುಳಿತಿರುತ್ತದೆ. ಅಳತೆ ಡಬ್ಬಿಯಲ್ಲಿ ಬರೆದಂತೆಯೇ ಇರಬೇಕು. ಲೀಟರ್ ಲೆಕ್ಕ ಕೊಟ್ಟಿದ್ದರೆ ತೂಕ ಮಾಡಬಾರದು, ರೆಸಿನ್, ಹಾರ್ಡನರ್ ಎರಡರ ಸಾಂದ್ರತೆ ಬೇರೆ ಬೇರೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಸುರಿದರೆ ಗಟ್ಟಿಯಾಗುವ ಬದಲು ಮೆತ್ತಗೇ ಉಳಿಯುತ್ತದೆ. ನಿಧಾನ ತಿರುಗುವ ಡ್ರಿಲ್ಲಿಗೆ ಪ್ಯಾಡಲ್ ಹಾಕಿ ಮೂರು ನಿಮಿಷ ಕಲಸಿ, ಬದಿ ಮತ್ತು ತಳ ಕೆರೆದು, ಇನ್ನೊಂದು ಶುದ್ಧ ಬಕೆಟಿಗೆ ಸುರಿದು ಮತ್ತೊಂದು ನಿಮಿಷ ಕಲಸಿ. ಕೂಡಲೇ ನೆಲದ ಮೇಲೆ ಉದ್ದ ಗೆರೆಯಾಗಿ ಸುರಿದು ರೋಲರಿನಲ್ಲಿ ಹರಡಿ. ರೋಲರಿನ ಕೂದಲು 6ರಿಂದ 10 ಮಿ.ಮೀ. ಇರಲಿ, ಸ್ಪಂಜಿನ ರೋಲರ್ ನೊರೆ ಎಬ್ಬಿಸುತ್ತದೆ. ಗೋಡೆಯ ಬದಿಯಿಂದ ಬಾಗಿಲ ಕಡೆಗೆ ಬನ್ನಿ.

ಒಂದು ಕೋಟಿನಿಂದ ಇನ್ನೊಂದಕ್ಕೆ 12ರಿಂದ 24 ಗಂಟೆ. ಅದಕ್ಕಿಂತ ತಡವಾದರೆ 120 ನಂಬರಿನ ಪೇಪರಿನಲ್ಲಿ ಮಂದವಾಗುವವರೆಗೆ ಉಜ್ಜಿಯೇ ಮುಂದಿನದು. ಓಡಾಟಕ್ಕೆ 24 ಗಂಟೆ ಬಿಡಿ. ಪ್ಲೇನರ್, ಟೇಬಲ್ ಸಾ ಮುಂತಾದ ಭಾರದ್ದನ್ನು 7 ದಿನ ಕಳೆದು ಇಡಿ. ನುಣುಪು ನೆಲದ ಮೇಲೆ ಮರದ ಹುಡಿ ಬಿದ್ದರೆ ಕಾಲು ಜಾರುತ್ತದೆ. ಕೊನೆಯ ಕೋಟಿಗೆ ಮೊದಲಿನದು ಹಸಿಯಿದ್ದಾಗ ಒಣ ಸಿಲಿಕಾ ಮರಳನ್ನು ತೆಳುವಾಗಿ ಎರಚಿ, ಗಟ್ಟಿಯಾದ ಮೇಲೆ ಸಡಿಲವಿದ್ದದ್ದನ್ನು ಗುಡಿಸಿ, ಮೇಲೊಂದು ಕೋಟ್ ಕೊಡಿ.

ಪ್ರಶ್ನೆ: ಕಳೆದ ಜೂನಿನಲ್ಲಿ ಗ್ಯಾರೇಜಿಗೆ ಎಪಾಕ್ಸಿ ಹಾಕಿಸಿದೆವು. ಮೊದಲ ಕೋಟಿನ ಮೇಲೆ ಮರುದಿನ ಮೇಣದಂಥ ಮಬ್ಬು ಪದರ ಬಂತು. ಕೆಲಸದವರು ಥಿನ್ನರಿನಲ್ಲಿ ಒರೆಸಿ ಎರಡನೆಯ ಕೋಟ್ ಕೊಟ್ಟರು. ಈಗ ಅದು ಹಾಳೆಯಂತೆ ಸುಲಿಯುತ್ತಿದೆ. ಎಪಾಕ್ಸಿಯೇ ಕಳಪೆಯೇ?
— ಓದುಗರು, ಸುರತ್ಕಲ್

ಉತ್ತರ: ಎಪಾಕ್ಸಿಯನ್ನು ದೂರುವ ಮೊದಲು ಸುಲಿದ ಒಂದು ಚಕ್ಕೆಯನ್ನು ಕೈಯಲ್ಲಿ ಹಿಡಿದು ಹಿಂಬದಿ ನೋಡಿ. ತಪ್ಪು ಎಲ್ಲಾಯಿತೆಂದು ಅಲ್ಲೇ ಬರೆದಿರುತ್ತದೆ. ಬೂದು ಸಿಮೆಂಟ್ ಹುಡಿ ಅಂಟಿಕೊಂಡಿದ್ದರೆ ನೆಲ ಸರಿಯಾಗಿ ಉಜ್ಜಿಲ್ಲ. ಹಿಂಬದಿ ಕಪ್ಪಾಗಿ ಜಿಡ್ಡಾಗಿದ್ದರೆ ಎಣ್ಣೆ. ಗುಳ್ಳೆ ಒಡೆದಾಗ ನೀರು ಬಂದು, ಲಿಟ್ಮಸ್ ಕಾಗದ ಅದರಲ್ಲಿ ನೀಲಿಯಾದರೆ ಅಡಿಯ ಪಸೆ ಕಾಂಕ್ರೀಟಿನ ಕ್ಷಾರವನ್ನು ಕರಗಿಸಿಕೊಂಡು ಬಂದಿದೆ. ಹಿಂಬದಿ ನುಣ್ಣಗೆ, ಶುದ್ಧವಾಗಿ ಹೊಳೆಯುತ್ತಿದ್ದು, ನೆಲದಲ್ಲಿ ಮೊದಲ ಕೋಟ್ ಗಟ್ಟಿಯಾಗಿಯೇ ಉಳಿದಿದ್ದರೆ ಎರಡು ಕೋಟುಗಳ ನಡುವೆ ಹಿಡಿತವೇ ಆಗಿಲ್ಲ. ನೀವು ಬರೆದದ್ದು ನೋಡಿದರೆ ಇದೇ.

ಹಾರ್ಡನರಿನಲ್ಲಿರುವ ಅಮೈನ್ ಎಂಬ ರಾಸಾಯನಿಕ, ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಣದಂಥ ಪದರ ಕಟ್ಟುತ್ತದೆ. ಅಮೈನ್ ಬ್ಲಶ್ ಎನ್ನುತ್ತಾರೆ. ಅದು ಕರಗುವುದು ನೀರಿನಲ್ಲಿ. ಥಿನ್ನರಿನ ಬಟ್ಟೆ ಅದನ್ನು ತೆಗೆಯುವುದಿಲ್ಲ, ಎಲ್ಲ ಕಡೆಗೂ ಸವರುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಒರಟು ಸ್ಪಂಜಿನಲ್ಲಿ ತಿಕ್ಕಿ, ಎರಡು ಸಲ ಶುದ್ಧ ನೀರಲ್ಲಿ ತೊಳೆದು ಒಣಗಿಸಬೇಕಿತ್ತು. ಈಗ ಸಡಿಲವಾದ ಎರಡನೆಯ ಕೋಟನ್ನೆಲ್ಲ ಕೆರೆದು ತೆಗೆಸಿ. ಹೀಗೆ ತೊಳೆದು, 120 ನಂಬರಿನಲ್ಲಿ ಉಜ್ಜಿ, ಜನವರಿಯಲ್ಲಿ ಮತ್ತೆ ಕೊಡಿಸಿ. ಮೊದಲು ತೊಳೆಯಬೇಕು, ಆಮೇಲೆ ಉಜ್ಜಬೇಕು. ಹಿಂದುಮುಂದಾದರೆ ಮೇಣ ಗೀರುಗಳೊಳಗೆ ಕೂತುಬಿಡುತ್ತದೆ.

ಪ್ರಶ್ನೆ: ಉಜ್ಜುವ ಬದಲು ಆಸಿಡ್ ಹಾಕಿ ತೊಳೆದರೆ ಸಾಕೆಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಹೇಳಿದರು. ಹೌದೇ?
— ಓದುಗರು, ಕಾರ್ಕಳ

ಉತ್ತರ: ಬೇಡ. ಆಸಿಡ್ ಸಿಮೆಂಟನ್ನು ತಿನ್ನುತ್ತದೆ ನಿಜ, ಆದರೆ ಎಣ್ಣೆಯನ್ನೂ ಹಳೆಯ ಬಣ್ಣವನ್ನೂ ಮುಟ್ಟುವುದಿಲ್ಲ. ಸರಿಯಾಗಿ ತೊಳೆಯದಿದ್ದರೆ ಲವಣ ನೆಲದಲ್ಲೇ ಉಳಿದು ಮುಂದೆ ಪಸೆ ಎಳೆಯುತ್ತದೆ. ಒಣಗಿರಬೇಕಾದ ನೆಲಕ್ಕೆ ನಾವೇ ಬಕೆಟ್ಟುಗಟ್ಟಲೆ ನೀರು ಕುಡಿಸಿದಂತಾಗುತ್ತದೆ. ಇನ್ನೊಂದು ವಿಷಯ, ಅದರ ಹೊಗೆ ಶೆಡ್ಡಿನಲ್ಲಿರುವ ಬೆಂಚ್ ವೈಸ್, ಉಳಿ, ಡ್ರಿಲ್ ಬಿಟ್ಟುಗಳಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ.

ಪ್ರಶ್ನೆ: ದೋಣಿ ಇಂಜಿನ್ ರಿಪೇರಿ ಮಾಡುವ ಶೆಡ್. ನೆಲ ಡೀಸೆಲ್, ಇಂಜಿನ್ ಆಯಿಲ್ ಕುಡಿದು ಕಪ್ಪಾಗಿದೆ. ಎಪಾಕ್ಸಿ ನಿಲ್ಲುತ್ತದೆಯೇ?
— ಓದುಗರು, ಮಲ್ಪೆ

ಉತ್ತರ: ಎಣ್ಣೆ ಎಷ್ಟು ಆಳಕ್ಕೆ ಹೋಗಿದೆ ಎಂಬುದರ ಮೇಲೆ ಇದೆ. ಮೊದಲು ಜಿಡ್ಡು ತೆಗೆಯಬೇಕು, ಉಜ್ಜುವುದು ಆಮೇಲೆ. ಬಿಸಿನೀರು, ವಾಷಿಂಗ್ ಸೋಡಾ, ಡಿಟರ್ಜೆಂಟ್ ಹಾಕಿ ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿ. ಕೊಳೆನೀರು ನೆಲದಲ್ಲೇ ಒಣಗಲು ಬಿಡದೆ ವೆಟ್ ವ್ಯಾಕ್ಯೂಮಿನಲ್ಲಿ ಎಳೆಯಿರಿ, ಇಲ್ಲವೇ ಮರದ ಹುಡಿಗೆ ಹೀರಿಸಿ ಗುಡಿಸಿ. ಹೀಗೆ ಮೂರ್ನಾಲ್ಕು ಸಲ. ಪೂರ್ತಿ ಒಣಗಿದ ಮೇಲೆ ಉಜ್ಜಿ, ಬಿಳಿ ಟಿಶ್ಯೂ ಕಾಗದ ಹಾಸಿ, ಮೇಲೆ ಹಲಗೆ ಮತ್ತು ಭಾರ ಇಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಕಾಗದದಲ್ಲಿ ಕಲೆ ಮೂಡಿದ್ದರೆ ಎಣ್ಣೆ ಇನ್ನೂ ಮೇಲೆ ಬರುತ್ತಿದೆ.

ಕಲೆ ಬಿಡದ ಜಾಗವನ್ನು ಉಳಿಯಲ್ಲಿ 10ರಿಂದ 15 ಮಿ.ಮೀ. ಕೆತ್ತಿ ತೆಗೆದು, ಶುದ್ಧ ಕಾಂಕ್ರೀಟ್ ಕಂಡ ಮೇಲೆ ಪ್ರೈಮರ್ ಸವರಿ. ಕಲಸಿದ ಎಪಾಕ್ಸಿ 1 ಪಾಲಿಗೆ ಒಣ ಸಿಲಿಕಾ ಮರಳು 4 ಪಾಲು ಸೇರಿಸಿದ ಗಾರೆಯನ್ನು ತುಂಬಿಸಿ. ಕೈಗೆಟಕುವಲ್ಲೇ ಇದೆಯೆಂದು ಕಡಲ ಮರಳು ಹಾಕಬೇಡಿ, ಅದರ ಉಪ್ಪು ಪಸೆ ಎಳೆಯುತ್ತದೆ. ಬಳಿದ ಮೇಲೆ ಮೀನಿನ ಕಣ್ಣಿನಂಥ ದುಂಡು ಗುಳಿಗಳು ಬಿದ್ದರೆ ಎಣ್ಣೆ ಅಥವಾ ಸಿಲಿಕೋನ್ ಉಳಿದಿದೆ ಎಂದರ್ಥ. ಹಾಗಾಗಿ ಕೆಲಸ ನಡೆಯುವ ವಾರದಲ್ಲಿ ಆ ಶೆಡ್ಡಿನಲ್ಲಿ ಸಿಲಿಕೋನ್ ಸ್ಪ್ರೇ ಬಳಸಲೇಬಾರದು.

ಪ್ರಶ್ನೆ: ಅಜ್ಜನ ಕಾಲದ ರೆಡ್ ಆಕ್ಸೈಡ್ ನೆಲದ ಕೋಣೆಯನ್ನು ಹೊಲಿಗೆ, ರಿಪೇರಿ ಕೆಲಸಕ್ಕೆ ಬಳಸುತ್ತಿದ್ದೇವೆ. ಮೇಲೆ ಎಪಾಕ್ಸಿ ಕೊಡಬಹುದೇ?
— ಓದುಗರು, ಪುತ್ತೂರು

ಉತ್ತರ: ದಯವಿಟ್ಟು ಬೇಡ. ವರ್ಷಾನುಗಟ್ಟಲೆ ಮೇಣ ತಿಕ್ಕಿದ ಆ ನುಣುಪಿಗೆ ಎಪಾಕ್ಸಿ ಹಿಡಿಯುವುದಿಲ್ಲ. ಹಿಡಿಯುವಂತೆ ಉಜ್ಜಿದರೆ ಆ ನೆಲವೇ ಹೋಯಿತು. ಅಂಥ ಹಳೆಯ ನೆಲಗಳ ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಇರುವುದಿಲ್ಲ, ಪಸೆ ಮೇಲೆ ಬಂದು ಆರಿಹೋಗುತ್ತಿರುತ್ತದೆ. ಹಳೆಯ ಮೇಣ ತೆಗೆದು, ಬಿರುಕಿಗೆ ಅದೇ ಬಣ್ಣದ ಸಿಮೆಂಟ್ ತುಂಬಿಸಿ, ಮತ್ತೆ ಪಾಲಿಶ್ ಮಾಡಿಸಿ. ಅದು ನಿಮ್ಮ ಮೊಮ್ಮಕ್ಕಳವರೆಗೂ ಬಾಳುವ ನೆಲ.

ಪ್ರಶ್ನೆ: 4 ಲೀಟರ್ ಒಟ್ಟಿಗೆ ಕಲಸಿ ಬಕೆಟಿನಲ್ಲಿ ಇಟ್ಟುಕೊಂಡು ಬಳಿಯುತ್ತಿದ್ದೆ. ಕಾಲು ಗಂಟೆಯಲ್ಲಿ ಬಕೆಟ್ ಬಿಸಿಯಾಗಿ ಹೊಗೆ ಬಂತು. ಬಳಿದ ನೆಲದಲ್ಲೂ ಅಲ್ಲಲ್ಲಿ ವಾರವಾದರೂ ಅಂಟಂಟು.
— ಓದುಗರು, ಬಂಟ್ವಾಳ

ಉತ್ತರ: ಎಪಾಕ್ಸಿ ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ನೆಲದ ಮೇಲೆ ತೆಳುವಾಗಿ ಹರಡಿದರೆ ಶಾಖ ಕಾಂಕ್ರೀಟಿಗೆ ಇಳಿಯುತ್ತದೆ. ಬಕೆಟಿನಲ್ಲಿ ರಾಶಿಯಾಗಿದ್ದರೆ ಹೋಗಲು ದಾರಿಯಿಲ್ಲ, ಶಾಖ ಏರಿದಷ್ಟೂ ಗಟ್ಟಿಯಾಗುವ ವೇಗವೂ ಏರುತ್ತದೆ. 25 ಡಿಗ್ರಿಯಲ್ಲಿ ಅರ್ಧ ಗಂಟೆ ಸಿಗುವ ಎಪಾಕ್ಸಿ 35ರಲ್ಲಿ ಹೆಚ್ಚುಕಡಿಮೆ ಕಾಲು ಗಂಟೆ ಮಾತ್ರ. ಒಂದು ಸಲಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಕಲಸಬೇಡಿ, ಕಲಸಿದ ಕೂಡಲೇ ಪೂರ್ತಿ ನೆಲಕ್ಕೆ ಸುರಿಯಿರಿ. ಬಕೆಟ್ ಬಿಸಿಯಾಗತೊಡಗಿದರೆ ಹೊರಗೆ ಒಯ್ದು ಒಣ ಮರಳಿನ ಮೇಲೆ ತೆಳುವಾಗಿ ಹರಡಿಬಿಡಿ.

ಅಂಟು ಉಳಿದ ಜಾಗ ಎಲ್ಲಿದೆ ನೆನಪಿಸಿಕೊಳ್ಳಿ. ಕೊನೆಯಲ್ಲಿ ಬಕೆಟ್ ಕವುಚಿಟ್ಟ ಕಡೆಯೇ ಇರಬೇಕು. ಬದಿಗೆ ಅಂಟಿ ಸರಿಯಾಗಿ ಬೆರೆಯದೆ ಉಳಿದದ್ದು ಅಲ್ಲಿ ಇಳಿಯುತ್ತದೆ. ವರ್ಷ ಕಳೆದರೂ ಅದು ಗಟ್ಟಿಯಾಗದು, ಮೇಲೆ ಇನ್ನೊಂದು ಕೋಟ್ ಕೊಟ್ಟರೂ ಪ್ರಯೋಜನವಿಲ್ಲ. ಪುಟ್ಟಿ ಬ್ಲೇಡಿನಲ್ಲಿ ಕೆರೆದು, ಅಸಿಟೋನಿನಲ್ಲಿ ಒರೆಸಿ, ಅಂಚು ಉಜ್ಜಿ, ಆ ಜಾಗಕ್ಕೆ ಹೊಸದಾಗಿ ಬಳಿಯಿರಿ.

ಪ್ರಶ್ನೆ: ಬೈಕ್ ನಿಲ್ಲಿಸುವ ಕಡೆ ಟಯರಿಗೆ ಅಂಟಿ ಎಪಾಕ್ಸಿ ಎದ್ದಿದೆ. ಶಟರಿನ ಬಳಿ ಹಳದಿಯಾಗಿದೆ. ಅದೇ ನೆಲದ ಮೇಲೆ ವೆಲ್ಡಿಂಗ್ ಮಾಡಬಹುದೇ?
— ಓದುಗರು, ಕದ್ರಿ

ಉತ್ತರ: ತೆಳು ಎಪಾಕ್ಸಿ ಪೇಂಟಿನಲ್ಲಿ ಇದು ಸಾಮಾನ್ಯ. ಬಿಸಿ ಟಯರ್ ಪದರವನ್ನು ಮೆತ್ತಗಾಗಿಸಿ, ತಣಿಯುವಾಗ ಎಳೆದುಕೊಳ್ಳುತ್ತದೆ. ಆ ಜಾಗ ಉಜ್ಜಿ ದಪ್ಪನೆಯ ಎರಡು ಕೋಟ್ ಕೊಟ್ಟು ಮೇಲೆ ಪಾಲಿಯುರಿಥೇನ್ ಟಾಪ್‌ಕೋಟ್ ಹಾಕಿ. ಸೈಡ್ ಸ್ಟ್ಯಾಂಡಿನ ಅಡಿಗೆ ಪ್ಲೈವುಡ್ ತುಂಡು ಇಡಿ. ಹಳದಿಯಾಗುವುದು ಬಿಸಿಲಿನಿಂದ. ‘ಅಲಿಫಾಟಿಕ್’ ಎಂದು ಬರೆದಿರುವ ಪಾಲಿಯುರಿಥೇನ್ ಅದನ್ನೂ ತಡೆಯುತ್ತದೆ. ವೆಲ್ಡಿಂಗ್ ಕಿಡಿ ಬಿದ್ದಲ್ಲೆಲ್ಲ ಎಪಾಕ್ಸಿ ಸುಟ್ಟು ಕಪ್ಪಾಗುತ್ತದೆ. ವೆಲ್ಡಿಂಗಿಗೆ ಎಪಾಕ್ಸಿ ಇಲ್ಲದ ಬರೀ ಕಾಂಕ್ರೀಟಿನ ಮೂಲೆಯೊಂದನ್ನು ಬಿಟ್ಟುಕೊಳ್ಳಿ.

ಪ್ರಶ್ನೆ: ಬರಿಗೈಯಲ್ಲಿ ಎಪಾಕ್ಸಿ ಕೆಲಸ ಮಾಡಿದ ನನ್ನ ತಮ್ಮನಿಗೆ ಮಣಿಕಟ್ಟಿನಲ್ಲಿ ತುರಿಕೆ, ಕೆಂಪು ಗುಳ್ಳೆ. ಮುಂದೆ ಗ್ಲೌಸ್ ಹಾಕಿದರೆ ಸಾಕೇ?
— ಓದುಗರು, ಮೂಡುಬಿದಿರೆ

ಉತ್ತರ: ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಪಾಕ್ಸಿಯ ಅಲರ್ಜಿ ಒಮ್ಮೆ ಅಂಟಿದರೆ ಸಾಮಾನ್ಯವಾಗಿ ಜೀವನವಿಡೀ ಇರುತ್ತದೆ, ಮುಂದೆ ಸ್ವಲ್ಪ ತಾಗಿದರೂ ಕೆರಳುತ್ತದೆ. ಚರ್ಮರೋಗ ತಜ್ಞರು ನೋಡುವವರೆಗೆ ಅವರು ಈ ಕೆಲಸಕ್ಕೆ ಇಳಿಯದಿರುವುದೇ ಸರಿ. ಉಳಿದವರು ನೈಟ್ರೈಲ್ ಗ್ಲೌಸ್, ಉದ್ದ ತೋಳಿನ ಅಂಗಿ, ಕನ್ನಡಕ ಹಾಕಲಿ. ತೆಳು ಲೇಟೆಕ್ಸ್ ಗ್ಲೌಸ್ ಸಾಲದು. ಗ್ಲೌಸಿಗೆ ಎಪಾಕ್ಸಿ ಮೆತ್ತಿದ ಕೂಡಲೇ ಬದಲಿಸಲಿ. ಮೈಗೆ ತಾಗಿದರೆ ಒಣಬಟ್ಟೆಯಲ್ಲಿ ಒರೆಸಿ, ಸೋಪು ನೀರಲ್ಲಿ ತೊಳೆಯಬೇಕು. ಥಿನ್ನರ್ ಹಾಕಿದರೆ ಅದು ಎಪಾಕ್ಸಿಯನ್ನು ಕರಗಿಸಿ ಚರ್ಮದೊಳಕ್ಕೇ ಒಯ್ಯುತ್ತದೆ. ವೈದ್ಯರಲ್ಲಿಗೆ ಹೋಗುವಾಗ ರೆಸಿನ್ ಮತ್ತು ಹಾರ್ಡನರ್ ಎರಡೂ ಡಬ್ಬಿಗಳ ಲೇಬಲ್ಲಿನ ಫೋಟೊ ತೆಗೆದುಕೊಂಡು ಹೋಗಲಿ, ಯಾವ ರಾಸಾಯನಿಕಕ್ಕೆ ಪರೀಕ್ಷೆ ಮಾಡಬೇಕೆಂದು ಅವರಿಗೆ ಅದರಿಂದ ತಿಳಿಯುತ್ತದೆ.